ನಮ್ಮ ಊರಿನ ಕಸದ ಗುತ್ತಿಗೆ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಸದ ಬಗ್ಗೆ ಲೇಖನವೇ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಕಳೆದ ಚಳಿಗಾಲದಲ್ಲಿ ನಮ್ಮ ಊರಿನವರೆಲ್ಲ ಸೇರಿ ಮಾತನಾಡಿದ ವಿಷಯ ಅದೇ ಆಗಿತ್ತು. ಮನೆಮನೆಯ ಕಸ ಸಾಗಿಸುವ ಕಂಪನಿಯ ಜೊತೆಗಿನ ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಹೊಸ ಗುತ್ತಿಗೆ ಹೇಗಿರಬೇಕೆಂದು ಜನರನ್ನು ಕೇಳಲು ಟೌನ್ ಹಾಲ್‌ನಲ್ಲಿ ಸಭೆ ಕರೆದಿದ್ದರು. ನಾವಿರುವುದು ಬಾಸ್ಟನ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಎಂಟನೇ ತರಗತಿಯಲ್ಲಿ ಸಿವಿಕ್ಸ್ ಓದುತ್ತಿರುವ ಮಗಳು ಇಂಥ ಒಂದು ಸಭೆ ನೋಡಬೇಕೆಂದಳು. ನಾನು ಹೊರಟೆ. ಹಾಸನದಿಂದ ಬಂದಿದ್ದ ನಮ್ಮ ಅತ್ತೆಯವರೂ "ಮನೇಲಿ ಒಬ್ಬಳೇ ಕೂತು ಏನು ಮಾಡಲಿ" ಎಂದು ಕೋಟು ಹಾಕಿಕೊಂಡು ಬಂದರು.

ಕಸ ಎತ್ತುವುದಕ್ಕೆ ಇಷ್ಟೊಂದು ಲೆಕ್ಕವಿದೆ ಎಂದು ನನಗೆ ಅಲ್ಲಿ ತಿಳಿಯಿತು. ಊರು ಎರಡು ರೀತಿಯ ಹಣ ಕೊಡುತ್ತದೆ. ಮನೆಗಳಿಂದ ಕಸ ಎತ್ತಿಕೊಂಡು ಹೋಗುವುದಕ್ಕೆ ಒಂದು. ಆ ಕಸವನ್ನು ಸುಟ್ಟು ವಿದ್ಯುತ್ ತಯಾರಿಸುವ ಸ್ಥಾವರಕ್ಕೆ ಹಾಕುವಾಗ ಟನ್ನಿಗೆ ಇಷ್ಟು ಎಂದು ಇನ್ನೊಂದು. ರೀಸೈಕ್ಲಿಂಗ್ ಕೂಡ ಪುಕ್ಕಟೆಯಲ್ಲ. ಅಮೆರಿಕದ ಹಳೆಯ ಕಾಗದ, ಪ್ಲಾಸ್ಟಿಕ್ಕನ್ನು ಬಹಳ ವರ್ಷ ಚೀನಾ ಕೊಳ್ಳುತ್ತಿತ್ತು. 2018ರಲ್ಲಿ ಆ ದೇಶ ಬಾಗಿಲು ಹಾಕಿದ ಮೇಲೆ ಬೆಲೆ ಕುಸಿದು, ಎಷ್ಟೋ ಊರುಗಳು ರೀಸೈಕ್ಲಿಂಗ್‌ಗೂ ಹಣ ತೆರುವಂತಾಯಿತು.

ಸಭೆಯಲ್ಲಿ ಮೂರು ದಾರಿಗಳನ್ನು ಮುಂದಿಟ್ಟರು. ಒಂದು, ಈಗಿನಂತೆಯೇ ಇಬ್ಬರು ಕೆಲಸಗಾರರ ಟ್ರಕ್. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ಬಂದು, ಇಳಿದು ಕಸ ಎತ್ತಿ ಹಾಕುತ್ತಾರೆ. ಎರಡು, ಮನೆಗೊಂದು ಚಕ್ರದ ಡಬ್ಬ ಕೊಟ್ಟು, ಟ್ರಕ್ಕಿನ ಯಂತ್ರದ ಕೈ ಅದನ್ನು ಎತ್ತುವ ವ್ಯವಸ್ಥೆ. ಇದಕ್ಕೆ ಡ್ರೈವರ್ ಒಬ್ಬರೇ ಸಾಕು, ಖರ್ಚೂ ಕಡಿಮೆ. ಮೂರು, ನಮ್ಮದೇ ರಾಜ್ಯದ ವೂಸ್ಟರ್ ನಗರ 1993ರಲ್ಲಿ ಶುರು ಮಾಡಿದಂತೆ ಊರಿನ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳುವುದು. ಹೆಚ್ಚು ಕಸ ಮಾಡಿದವರಿಗೆ ಹೆಚ್ಚು ಖರ್ಚು.

ಒಬ್ಬ ಅಜ್ಜಿ ಎದ್ದು, ಹಿಮದಲ್ಲಿ ಅಷ್ಟು ದೊಡ್ಡ ಡಬ್ಬ ತಳ್ಳಲು ನನ್ನಿಂದಾಗದು ಎಂದರು. ಅವಳಿ ಮಕ್ಕಳ ತಂದೆಯೊಬ್ಬರು, ಡೈಪರ್‌ಗೇ ನಾಲ್ಕು ಚೀಲ ಬೇಕಲ್ಲ ಎಂದಾಗ ಎಲ್ಲರೂ ನಕ್ಕರು. ತೆರಿಗೆ ಏರಬಾರದು ಎಂದವರೇ ಹೆಚ್ಚು. ಸಭೆ ಯಂತ್ರದ ಕೈ ಇರುವ ಟ್ರಕ್ಕಿನ ಕಡೆಗೆ ವಾಲಿತು.

ಆಗ ಮಗಳು ಕೈ ಎತ್ತಿದಳು. "ಟ್ರಕ್ಕಿನ ಹಿಂದೆ ನಿಂತು ಬರುವವರಿಗೆ ಆಮೇಲೆ ಏನು ಕೆಲಸ?" ಎಂದು ಕೇಳಿದಳು. ನಮ್ಮ ಬೀದಿಗೆ ಬರುವ ಅವರು ಇವಳು ಸಣ್ಣವಳಿದ್ದಾಗಿನಿಂದ ಕೈ ಬೀಸುತ್ತಾರೆ. ಅಧ್ಯಕ್ಷರು ಸ್ವಲ್ಪ ತಡೆದು, "ಅದು ಕಂಪನಿಗೆ ಬಿಟ್ಟ ವಿಷಯ. ಗುತ್ತಿಗೆಯಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ" ಎಂದರು.

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಯಂತ್ರ ಬೇಡ ಎನ್ನುವುದೂ ಸುಲಭವಲ್ಲ. ಕಸ ಎತ್ತುವುದು ಅಮೆರಿಕದಲ್ಲಿ ಅತಿ ಹೆಚ್ಚು ಜೀವಾಪಾಯವಿರುವ ಕೆಲಸಗಳಲ್ಲಿ ಒಂದು. ಮಕ್ಕಳೇ, ಮಾರ್ಟಿನ್ ಲೂಥರ್ ಕಿಂಗ್ ಅವರು ಕೊನೆಯ ದಿನಗಳಲ್ಲಿ ಮೆಂಫಿಸ್ ನಗರಕ್ಕೆ ಏಕೆ ಹೋಗಿದ್ದರು ಗೊತ್ತೇ? 1968ರ ಫೆಬ್ರವರಿ 1ರಂದು ಅಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಟ್ರಕ್ಕಿನೊಳಗೆ ನಿಂತಿದ್ದ ಇಬ್ಬರು ಕೆಲಸಗಾರರು ಕಸ ಅದುಮುವ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕೆಲಸಗಾರರು ಮುಷ್ಕರ ಹೂಡಿದರು. ಅವರಿಗೆ ಬೆಂಬಲ ಕೊಡಲು ಹೋಗಿದ್ದಾಗಲೇ, ಏಪ್ರಿಲ್ 4ರಂದು, ಕಿಂಗ್ ಅವರ ಹತ್ಯೆಯಾಯಿತು.

ಇದು ಹಳೆಯ ಕಥೆ ಮಾತ್ರವಲ್ಲ. 2025ರ ಜುಲೈ 1ರಿಂದ ಸೆಪ್ಟೆಂಬರ್‌ವರೆಗೆ ಬಾಸ್ಟನ್ ಸುತ್ತಮುತ್ತ ಕಸದ ಕೆಲಸಗಾರರು ಸಂಬಳ, ಆರೋಗ್ಯ ವಿಮೆಗಾಗಿ ಮುಷ್ಕರ ಮಾಡಿದರು. ಹತ್ತಕ್ಕೂ ಹೆಚ್ಚು ಊರುಗಳಿಗೆ ಅದರ ಬಿಸಿ ತಟ್ಟಿತು. ಸಭೆಯಿಂದ ಬರುತ್ತಾ ಕಾರಿನಲ್ಲಿ ಇದನ್ನು ಹೇಳಿದಾಗ ನಮ್ಮ ಅತ್ತೆ, "ನಮ್ಮಲ್ಲೂ ಪೌರಕಾರ್ಮಿಕರದು ಇದೇ ಗೋಳಲ್ಲವೇನಮ್ಮ?" ಎಂದರು. ನಿಜ. ಬೆಂಗಳೂರಿನಲ್ಲಿ ಬಹುಕಾಲ ಅವರು ಗುತ್ತಿಗೆದಾರರ ಕೈಕೆಳಗೆ ದುಡಿದರು. 2025ರ ಮೇ 1ರಂದು ಅಲ್ಲಿನ 12 ಸಾವಿರಕ್ಕೂ ಹೆಚ್ಚು ಮಂದಿಗೆ ಖಾಯಂ ನೇಮಕಾತಿ ಪತ್ರ ಸಿಕ್ಕಿತು. ಅದಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದ್ದರು.

ಮುಂದಿನ ಸಭೆಗೆ ಮಗಳು ಒಂದು ಪತ್ರ ಬರೆದಳು. ಅಕ್ಕಪಕ್ಕದ ಹನ್ನೊಂದು ಮನೆಯವರು ಸಹಿ ಹಾಕಿದರು. ಅದರಲ್ಲಿ ಕೇಳಿದ್ದು ಮೂರೇ ಮಾತು. ವಯಸ್ಸಾದವರ ಡಬ್ಬವನ್ನು ಮನೆ ಬಾಗಿಲಿನಿಂದಲೇ ತೆಗೆದುಕೊಂಡು ಹೋಗಬೇಕು. ಕಸ ಎತ್ತದೆ ಬಿಟ್ಟ ದಿನಗಳಿಗೆ ಏನು ಪರಿಹಾರ ಎಂದು ಬರೆದಿರಬೇಕು. ಈಗಿನ ಕೆಲಸಗಾರರಿಗೆ ಏನು ವ್ಯವಸ್ಥೆ ಮಾಡುತ್ತೇವೆಂದು ಟೆಂಡರ್ ಹಾಕುವ ಪ್ರತಿ ಕಂಪನಿಯೂ ಬರೆದುಕೊಡಬೇಕು. ಮೊದಲ ಎರಡನ್ನು ಮಂಡಳಿ ಕೂಡಲೇ ಒಪ್ಪಿತು. ಮೂರನೆಯದನ್ನು ಬಹಳ ಚರ್ಚೆಯ ನಂತರ ಟೆಂಡರಿಗೆ ಸೇರಿಸಿದರು. ಇದರಿಂದ ನಮ್ಮ ಬೀದಿಯವರ ಕೆಲಸ ಉಳಿಯುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆದರೆ ಕೇಳಿದ್ದರಿಂದ ಆ ಪ್ರಶ್ನೆ ಕಾಗದಕ್ಕಾದರೂ ಬಂತು.

ಪೋಷಕರಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಅನೇಕರಿಗೆ ಇಲ್ಲಿ ಮತದಾನದ ಹಕ್ಕಿಲ್ಲ. ನನಗೂ ಇಲ್ಲ. ಆದರೂ ತೆರಿಗೆ ಕಟ್ಟುತ್ತೇವೆ, ಕಸವನ್ನೂ ಹಾಕುತ್ತೇವೆ. ಇಂಥ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಎಷ್ಟೋ ವರ್ಷ ಅದನ್ನು ಬದಲಾಯಿಸುವುದು ಕಷ್ಟ. ಆದ್ದರಿಂದ ಸಹಿ ಬೀಳುವ ಮೊದಲೇ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ದೊಡ್ಡವರು ಕೇಳಲು ಮರೆತದ್ದನ್ನು ಅವರು ಕೇಳುತ್ತಾರೆ.