ನೂರಾ ಎರಡು, ನೂರಾ ಮೂರು

ದ್ವಾರಕಾ, 27 ಡಿಸೆಂಬರ್ 2005, ಮಂಗಳವಾರ

ಬಾರಾಖಂಬಾ ರಸ್ತೆಯಿಂದ ಮನೆ ಮುಟ್ಟುವಾಗ ಹತ್ತು ದಾಟಿತ್ತು. ಬಸ್ಸಿನ ಕಿಟಕಿ ಮುಚ್ಚುವುದಿಲ್ಲ, ಧೌಲಾ ಕುವಾ ಆದಮೇಲೆ ಬರೀ ಮಂಜು.

ಗಿರಾಕಿಯ ಕಚೇರಿಗಳು ದಿಲ್ಲಿ, ಬೆಂಗಳೂರು, ಹುಬ್ಬಳ್ಳಿಯಲ್ಲಿ. ಫ್ರೇಮ್ ರಿಲೇ. ಇಲ್ಲಿಯ ರೂಟರಿಗೆ ಸೀರಿಯಲ್ ಪೋರ್ಟ್ ಒಂದೇ, ಅದರೊಳಗೆ ಎರಡು ಪಿವಿಸಿ, ಅಂದರೆ ಎರಡು ಕಾಯಂ ದಾರಿ: ಬೆಂಗಳೂರಿಗೆ ಡಿಎಲ್‌ಸಿಐ 102, ಹುಬ್ಬಳ್ಳಿಗೆ 103. ಅದೇ ದಾರಿಗೆ ಹುಬ್ಬಳ್ಳಿ ಕಡೆ 301. ಈ ಸಂಖ್ಯೆ ರೂಟರಿಗೂ ಅದರೆದುರಿನ ಸ್ವಿಚ್ಚಿಗೂ ನಡುವಿನ ವ್ಯವಹಾರ, ಆಚೆ ಊರಿಗೆ ಅದರ ಗೊಡವೆ ಇಲ್ಲ.

102 ಆ್ಯಕ್ಟಿವ್. 103 ಡಿಲೀಟೆಡ್. ಹುಬ್ಬಳ್ಳಿಯ ಹುಡುಗಿ ಫೋನಿನಲ್ಲಿ, "ಸರ, ಕೇಬಲ್ ಎಲ್ಲಾ ಬಿಚ್ಚಿ ಮತ್ತ ಹಾಕೇನ್ರಿ, ಆದ್ರೂ ಬರವಲ್ತು" ಎಂದು ಅಳುವ ಹಾಗಿದ್ದಳು. ಅವಳ ಕೇಬಲಿನ ತಪ್ಪಲ್ಲ. ಆ ತುದಿ ಕೆಟ್ಟಿದ್ದರೆ ನನಗಿಲ್ಲಿ ಇನ್‌ಆಕ್ಟಿವ್ ಎಂದು ಕಾಣಬೇಕಿತ್ತು. ಡಿಲೀಟೆಡ್ ಅಂದರೆ ದಿಲ್ಲಿಯ ಸ್ವಿಚ್ಚಿಗೇ 103 ಗೊತ್ತಿಲ್ಲ. ಲೈನ್ ಕೊಟ್ಟವರು ಮಧ್ಯಾಹ್ನವೆಲ್ಲ ಒಪ್ಪಲಿಲ್ಲ. ರೂಟರ್ ಹತ್ತು ಸೆಕೆಂಡಿಗೊಮ್ಮೆ ಎಲ್‌ಎಂಐ ಮೂಲಕ ಸ್ವಿಚ್ಚನ್ನು ವಿಚಾರಿಸುತ್ತದೆ, ಪ್ರತಿ ಆರನೆಯ ಸಲ ಪೂರ್ತಿ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ 103ರ ಬದಲು ನಾನು ಬರೆಯದ 113 ಕೂತಿತ್ತು. ಅದನ್ನು ಓದಿ ಹೇಳಿದ ಮೇಲೆ ಅವರಿಗೆ ಐದು ನಿಮಿಷದ ಕೆಲಸ.

29 ಡಿಸೆಂಬರ್, ಗುರುವಾರ

ಈಗ ಎರಡೂ ಊರು ದಿಲ್ಲಿಗೆ ಸಿಗುತ್ತವೆ, ಒಂದಕ್ಕೊಂದು ಸಿಗುವುದಿಲ್ಲ. ಹಿಂದಿನವರು ಎರಡೂ ಪಿವಿಸಿಗಳನ್ನು ಒಂದೇ ಮಲ್ಟಿಪಾಯಿಂಟ್ ಸಬ್‌ಇಂಟರ್‌ಫೇಸಿಗೆ ಕಟ್ಟಿ, ಮೇಲೆ ರಿಪ್ ರೂಟಿಂಗ್ ಓಡಿಸಿದ್ದಾರೆ. ಬಂದ ಬಾಗಿಲಲ್ಲೇ ಸುದ್ದಿಯನ್ನು ವಾಪಸು ಕಳಿಸಬಾರದೆಂಬುದು ಸ್ಪ್ಲಿಟ್ ಹೊರೈಜನ್ ನಿಯಮ. ಇಲ್ಲವಾದರೆ ರೂಟರುಗಳು ಒಂದರ ಮಾತನ್ನು ಇನ್ನೊಂದು ನಂಬಿ ಸುತ್ತು ಹೊಡೆಯುತ್ತವೆ. ಆದರೆ ಇಲ್ಲಿ ಒಂದೇ ಬಾಗಿಲಿಗೆ ಎರಡು ಊರು. ಹುಬ್ಬಳ್ಳಿಯ ರೂಟ್ ಬೆಂಗಳೂರಿಗೆ ಹೋಗುವುದೇ ಇಲ್ಲ.

ನಿಯಮವನ್ನೇ ತೆಗೆದುಬಿಡು ಎಂದರು ಆಫೀಸಿನಲ್ಲಿ. ಒಂದೇ ಸಾಲಿನ ಕಮಾಂಡ್, ನಿಜ. ನನಗೆ ಮನಸ್ಸಿಲ್ಲ. ಪ್ರತಿ ಪಿವಿಸಿಗೂ ಬೇರೆ ಪಾಯಿಂಟ್ ಟು ಪಾಯಿಂಟ್ ಸಬ್‌ಇಂಟರ್‌ಫೇಸ್, ತಲಾ ಒಂದು ಸಣ್ಣ ಸಬ್‌ನೆಟ್. ಖಾಸಗಿ ವಿಳಾಸಗಳಿಗೇನು ಬರವೇ?

"ಹುಬ್ಬಳ್ಳಿಯಿಂದ ಬೆಂಗಳೂರಿಗೆ ದಿಲ್ಲಿ ಹಾದು ಹೋಗ್ಬೇಕೇನ್ರಿ ಸರ?" ಅಂದಳು ಹುಬ್ಬಳ್ಳಿಯ ಹುಡುಗಿ. "ಹೌದವಾ, ಮೂರನೇ ಪಿವಿಸಿಗೆ ಬಾಡಿಗಿ ಕೊಡೋರ್ ಯಾರು?"

31 ಡಿಸೆಂಬರ್, ಶನಿವಾರ

ಇವತ್ತು ಬಾರಾಖಂಬಾದಿಂದ ದ್ವಾರಕಾಕ್ಕೆ ಮೆಟ್ರೊ ಶುರು. ಸೆಕ್ಟರಿನ ಜನರೆಲ್ಲ ಸ್ಟೇಷನ್ ನೋಡಲು ಹೊರಟರೆ ನಾನು ಖಾಲಿ ಆಫೀಸಿಗೆ.

ಹುಬ್ಬಳ್ಳಿಯ ರೂಟರಿನಲ್ಲಿ ಮೊದಲು ಹತ್ತು ನಿಮಿಷಕ್ಕೆ ರೀಲೋಡ್ ಇಟ್ಟು, ಏನನ್ನೂ ಸೇವ್ ಮಾಡದೆ ವಿಳಾಸ ಬದಲಿಸಿದೆ. ಟೆಲ್ನೆಟ್ ಕಡಿಯಿತು, ಕಡಿಯಲೇಬೇಕು. ಕೈ ಕೊಟ್ಟರೆ ಅದು ತಾನೇ ಎದ್ದು ಹಳೆಯದಕ್ಕೆ ಮರಳಲಿ ಎಂಬ ಲೆಕ್ಕ. ದಿಲ್ಲಿಯಲ್ಲಿ ಹಳೆಯ ಸಬ್‌ಇಂಟರ್‌ಫೇಸ್ ಅಳಿಸಿ, ಅದೇ ಸಂಖ್ಯೆಯಲ್ಲಿ ಬೇರೆ ಬಗೆಯದನ್ನು ಮಾಡಹೊರಟರೆ ರೂಟರಿನ ಐಓಎಸ್ ರೀಲೋಡ್ ಆಗುವವರೆಗೂ ಒಪ್ಪುವುದಿಲ್ಲ. ಅದಕ್ಕೇ ಹೊಸ ಹೆಸರು: ಸೀರಿಯಲ್ 0.102, 0.103. ಡಿಎಲ್‌ಸಿಐಯನ್ನೇ ಹೆಸರಾಗಿಟ್ಟರೆ ಮುಂದೆ ಬರುವವನು ಶಪಿಸುವುದಿಲ್ಲ. ಹುಬ್ಬಳ್ಳಿ ಮತ್ತೆ ಸಿಕ್ಕಿತು, ರೀಲೋಡ್ ರದ್ದು. ಬೆಂಗಳೂರಿಗೂ ಹಾಗೇ.

8 ಜನವರಿ 2006, ಭಾನುವಾರ

ಬೆಳಿಗ್ಗೆ 0.2 ಡಿಗ್ರಿ, ಎಪ್ಪತ್ತು ವರ್ಷಗಳಲ್ಲೇ ಕಡಿಮೆಯಂತೆ. ಟಿವಿ ನೋಡಿ ಧಾರವಾಡದಿಂದ ಅವ್ವ ಫೋನ್ ಮಾಡಿ ಬೈದಳು, ಚಳಿಗೆ ನಾನೇ ಹೊಣೆ ಎಂಬಂತೆ.

ಸಂಜೆ ಹೊತ್ತು ಹುಬ್ಬಳ್ಳಿ ನಿಧಾನ ಎಂದು ದೂರು. ಪೋರ್ಟ್ 64 ಕೆಬಿಪಿಎಸ್, ಖಾತ್ರಿಯ ವೇಗ ಸಿಐಆರ್ 32. ಅದಕ್ಕಿಂತ ಹೆಚ್ಚು ಕಳಿಸಿದ ಫ್ರೇಮುಗಳಿಗೆ ಡಿಇ ಗುರುತು ಬೀಳುತ್ತದೆ, ದಟ್ಟಣೆಯಾದಾಗ ಅವೇ ಮೊದಲು ಬಲಿ. ಅಲ್ಲಿಯ ರೂಟರಿನಲ್ಲಿ, ಮುಂದೆ ದಟ್ಟಣೆಯಿದೆ ಎನ್ನುವ ಬಿಇಸಿಎನ್ ಎಣಿಕೆ ಏರುತ್ತಿದೆ. ಇನ್ನು ಎರಡು ವರ್ಷದಲ್ಲಿ ಎಲ್ಲಾ ಎಂಪಿಎಲ್‌ಎಸ್ ಎನ್ನುತ್ತಾರೆ ಮ್ಯಾನೇಜರ್. ಇರಬಹುದು. ನಾಳೆ ಅಲ್ಲಿ ಟ್ರಾಫಿಕ್ ಶೇಪಿಂಗ್ 32ಕ್ಕೆ ಕಟ್ಟಬೇಕು. ಅದಕ್ಕೂ ಮೊದಲು, ರಾತ್ರಿಯ ಬ್ಯಾಕಪ್ಪನ್ನು ಸಂಜೆಗೆ ತಂದವರು ಯಾರೆಂದು ಕೇಳಬೇಕು.