ವೈನ್ ಫ್ರಿಜ್ಜಿನಲ್ಲಿ ಅವ್ವನ ಇನ್ಸುಲಿನ್

ಮಲಪನಗುಡಿಯ ನಮ್ಮ ಮನೆಗೆ ವೈನ್ ಫ್ರಿಜ್ಜು ಯಾಕೆ ಅಂತೀರಾ? ಬೆಂಗಳೂರಿನ ಮನೆ ಖಾಲಿ ಮಾಡುವಾಗ ತಮ್ಮ ತನ್ನದನ್ನು ನಮಗೆ ದಾಟಿಸಿದ. ಮೊಸರು, ಸಾರಿನ ಸಂದಿಯಲ್ಲಿ ತನ್ನ ಔಷಧ ಬೇಡವೆಂದು ಅವ್ವ ಇನ್ಸುಲಿನ್ ಅದರೊಳಗಿಟ್ಟಳು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿತು, ಒಳಗೆ 22. ಸೀಲು ಒಡೆಯದ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8.

“ಗ್ಯಾಸ್ ಹೋಗೇತಿ, ತುಂಬಿಸಪಾ” ಅಂದಳು ಅವ್ವ.

ಹೊಸಪೇಟೆಯ ಮೆಕ್ಯಾನಿಕ್ ನಕ್ಕ. “ಇದ್ರಾಗ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ರೀ ಅಮ್ಮಾ.”

ಒಳಗಿರುವುದು ಪೆಲ್ಟಿಯರ್ ಬಿಲ್ಲೆ. ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ ತತ್ವ: ಕರೆಂಟ್ ಹರಿದರೆ ಒಂದು ಮೈ ತಂಪು, ಇನ್ನೊಂದು ಬಿಸಿ. ಆ ಬಿಸಿಯನ್ನು ಹಿಂದಿನ ಫ್ಯಾನ್ ಹೊರತಳ್ಳಬೇಕು. ಫ್ಯಾನಿನ ತುಂಬ ಕೆಂಧೂಳು. ಒರೆಸಿ, ಗೋಡೆಯಿಂದ ಗೇಣು ದೂರ ಸರಿಸಿದ. ಸಂಜೆಗೆ 19ಕ್ಕೆ ಇಳಿದು ಅಲ್ಲೇ ನಿಂತಿತು.

ಅದು ಕೆಟ್ಟಿರಲಿಲ್ಲ, ತಾಕತ್ತೇ ಅಷ್ಟು. ಇಂಥ ಪೆಟ್ಟಿಗೆ ಕೋಣೆಗಿಂತ 15-20 ಡಿಗ್ರಿ ತಂಪು ಮಾಡೀತು, ಅಷ್ಟೇ. ಬೆಂಗಳೂರಿಗೆ ಸಾಕು, ನಮ್ಮೂರ ಬಿಸಿಲಿಗಲ್ಲ.

ಡಾಕ್ಟರನ್ನು ಕೇಳಿ ಹೊಸ ಇನ್ಸುಲಿನ್ ತಂದೆವು. ಈಗದು ಅಡುಗೆಮನೆ ಫ್ರಿಜ್ಜಿನ ನಡುವಿನ ಶೆಲ್ಫಿನಲ್ಲಿದೆ, ಫ್ರೀಜರಿನಿಂದ ದೂರ. ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಪುಟ್ಟ ಫ್ರಿಜ್ಜು ಕೊಳ್ಳುವವರು ಬಣ್ಣ ನೋಡುವ ಮೊದಲು ಒಂದು ಮಾತು ಕೇಳ್ರಿ: ಕಂಪ್ರೆಸರ್ ಐತೇನು?