ಡೇರೆಯೊಳಗಿನ ಲೋಲಕ

ಊರ ಮೈದಾನದಲ್ಲಿ ಸರ್ಕಸ್ ಡೇರೆ ಎದ್ದರೆ ಮಕ್ಕಳ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿ ಈ ಆಟದ ತವರು ಕೇರಳದ ತಲಶ್ಶೇರಿ. ಅಲ್ಲಿ ಗುರು ಕೀಲೇರಿ ಕುಞ್ಞಿಕಣ್ಣನ್ ತಯಾರು ಮಾಡಿದ ಶಿಷ್ಯರು ಹಲವು ಡೇರೆಗಳಲ್ಲಿ ಮಿಂಚಿದರು.

ಹುಲಿ ಎಲ್ಲಿ ಎಂದು ಮಗು ಕೇಳೀತು. ಹುಲಿ, ಸಿಂಹ, ಕರಡಿಗಳ ಪ್ರದರ್ಶನವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಆಟದ ಭಾರ ಮನುಷ್ಯರ ತೋಳುಗಳ ಮೇಲಿದೆ.

ತೂಗುವ ಟ್ರಪೀಜ್ ಒಂದು ಲೋಲಕವೇ. ಅದರ ಆಂದೋಲನದ ಅವಧಿಗೆ ಹಗ್ಗದ ಉದ್ದ ಮುಖ್ಯ, ಕಲಾವಿದರ ತೂಕವಲ್ಲ. ಆದ್ದರಿಂದಲೇ ಕೈಬಿಡುವ ಕ್ಷಣವನ್ನು ಎಣಿಸಿ ಕಲಿಯಬಹುದು. ಹಿಡಿತ ತಪ್ಪಿದರೆ ಬಲೆ ಕೆಳಕ್ಕೆ ಬಾಗಿ, ನಿಲ್ಲುವ ಸಮಯವನ್ನು ಹಿಗ್ಗಿಸಿ, ಪೆಟ್ಟನ್ನು ಕುಗ್ಗಿಸುತ್ತದೆ.

ಕುರ್ಚಿಗಳು ಖಾಲಿಯಿದ್ದರೂ ಅವರು ಹಾರಲೇಬೇಕು. ಬಿದ್ದವರು ಎದ್ದು ಮತ್ತೆ ಏಣಿ ಹತ್ತಿದಾಗ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಲಿ.